ಎಣಿಕಪ್ಪನ ಟಕಟಕಿಯೂ ಕಂಬಳಿಯ ವಿದ್ಯಾಭ್ಯಾಸವೂ

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ, ಆಸ್ಪತ್ರೆಯ ಬೆಂಚಿನ ಮೇಲೆ, ನರ್ಸು ಸೂಜಿಯನ್ನು ಬೆಳಕಿಗೆ ಹಿಡಿದು ಒಮ್ಮೆ ಚಿಮ್ಮಿಸಿದ ಗಳಿಗೆಯಲ್ಲಿ, ಎಣಿಕಪ್ಪ ಒಂದು ಮಾತು ಕೊಟ್ಟ.

"ಅಳಬೇಡ ಪುಟ್ಟಿ. ನಿಂಗೆ ಹತ್ತು ತುಂಬಲಿ, ನಾಯಿ ತರ್ತೀನಿ. ನಿನ್ನ ಮಂಚದ ಕೆಳಗೇ ಮಲಗುತ್ತೆ."

ಮಗಳು ಅಳು ನಿಲ್ಲಿಸಿದಳು. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ಆರು ವರ್ಷ ಸಣ್ಣ ಅವಧಿಯಲ್ಲ, ಅಷ್ಟರಲ್ಲಿ ದೊಡ್ಡ ದೊಡ್ಡ ಕಚೇರಿಗಳೇ ಕೊಟ್ಟ ಮಾತು ಮರೆಯುತ್ತವೆ, ಇನ್ನು ಮಗು ಯಾವ ಲೆಕ್ಕ ಎಂದುಕೊಂಡು ಎಣಿಕಪ್ಪ ನೆಮ್ಮದಿಯಿಂದ ಮನೆಗೆ ಬಂದ. ಹತ್ತು ತುಂಬಿದ ದಿನ ಬೆಳಿಗ್ಗೆ ಮಗಳು ಹಲ್ಲುಜ್ಜುವ ಮೊದಲೇ ಅವನ ಮುಂದೆ ಬಂದು ನಿಂತು, "ಅಪ್ಪ, ನಾಯಿ," ಎಂದಳು. ಒಂದೇ ಪದ. ಆರು ವರ್ಷ ಕಾದಿಟ್ಟ ಪದವಾದ್ದರಿಂದ ಅದಕ್ಕೆ ತೂಕ ಜಾಸ್ತಿಯಿತ್ತು.

ಎಣಿಕಪ್ಪ ಎನ್ನುವುದು ಅವನ ಹೆಸರಲ್ಲ, ಕೆಲಸದಿಂದ ಅಂಟಿಕೊಂಡದ್ದು. ಅಳತೆ ಮತ್ತು ತೂಕಗಳ ಸಂಗ್ರಹಾಲಯದ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು, ಒಳಗೆ ಬಂದವರನ್ನು ಎಣಿಸುವುದು ಅವನ ಉದ್ಯೋಗ. ಇದಕ್ಕಾಗಿ ಇಲಾಖೆ ಅವನಿಗೆ ಉಕ್ಕಿನ ಒಂದು ಪುಟ್ಟ ಯಂತ್ರ ಕೊಟ್ಟಿತ್ತು. ಮುಷ್ಟಿಯೊಳಗೆ ಕೂರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಎನ್ನುತ್ತದೆ, ಗಾಜಿನ ಹಿಂದಿನ ಅಂಕಿ ಒಂದು ಮುಂದಕ್ಕೆ ಹೋಗುತ್ತದೆ. ಎಲ್ಲರೂ ಅದನ್ನು ಟಕಟಕಿ ಎನ್ನುತ್ತಿದ್ದರು. ಸಂಜೆ ಐದಕ್ಕೆ ಎಣಿಕಪ್ಪ ಟಕಟಕಿಯ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಇವತ್ತಿನ ಅಂಕಿಯಲ್ಲಿ ನಿನ್ನೆಯ ಅಂಕಿ ಕಳೆದು, ಎಷ್ಟು ಜನ ಬಂದರೆಂದು ಹೇಳುವುದು ಮೇಲ್ವಿಚಾರಕರ ಕೆಲಸ. ಕೂಡುವವನೇ ಕಳೆಯಕೂಡದು ಎಂದು ಇಲಾಖೆಯ ನಿಯಮ. ಹನ್ನೆರಡು ವರ್ಷದಿಂದ ಎಣಿಕಪ್ಪ ಕೂಡಿದ್ದ, ಒಮ್ಮೆಯೂ ಕಳೆದಿರಲಿಲ್ಲ. ಕಚೇರಿಯ ಬೀರುವಿನ ಬೀಗದ ಕೈ ಕಳೆದುಹೋದ ಮೇಲೆ ಟಕಟಕಿ ಅವನ ಅಂಗಿಯ ಜೇಬಿನಲ್ಲೇ ಮನೆಗೆ ಬಂದು, ಜೇಬಿನಲ್ಲೇ ಕೆಲಸಕ್ಕೆ ಹೋಗುತ್ತಿತ್ತು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನಾಯಿ ಬಂತು. ಮಡಿಸಿಟ್ಟ ಹಳೇ ಕಂಬಳಿಗೆ ನಾಲ್ಕು ಕಾಲು ಹಚ್ಚಿದ ಹಾಗಿದ್ದುದರಿಂದ ಮಗಳು ಅದಕ್ಕೆ ಕಂಬಳಿ ಎಂದೇ ಹೆಸರಿಟ್ಟಳು. ನಾಯಿಯ ಹಿಂದೆಯೇ ಕೆಳಗಿನ ಮನೆಯಿಂದ ಮಾಲೀಕರೂ ಮೆಟ್ಟಿಲು ಹತ್ತಿ ಬಂದರು. ಅವರು ನ್ಯಾಯಾಲಯದಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿ ನಿವೃತ್ತರಾದವರು. ನ್ಯಾಯಾಧೀಶರಾಗದೆ ಉಳಿದ ಕೊರಗನ್ನು ಬಾಡಿಗೆದಾರರ ಮೇಲೆ ತೀರಿಸಿಕೊಳ್ಳುತ್ತಿದ್ದರು.

"ನಾಯಿ ತಂದಿದ್ದು ಗಮನಕ್ಕೆ ಬಂದಿದೆ," ಎಂದರು. "ಒಳಗೆ ಬಿಡೋಕೆ ಅನುಮತಿ ಇಲ್ಲ. ಮುಂದಿನ ಆದೇಶದವರೆಗೆ ಮೆಟ್ಟಿಲ ಕೆಳಗೆ ಇರಲಿ."

"ಸಾರ್, ಮಗಳ ಮಂಚದ ಕೆಳಗೆ ಮಲಗುತ್ತೆ ಅಂತ ನಾನು..."

"ಮೂವತ್ತು ದಿನ ವಾಯಿದೆ. ಅಷ್ಟರಲ್ಲಿ ಐದು ಮಾತು ಕೇಳೋದು ಕಲೀಬೇಕು. ಕೂರು, ನಿಲ್ಲು, ಬಾ, ಬಿಡು, ಸುಮ್ಮನಿರು. ಮೂವತ್ತನೇ ದಿನ ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ ಪರೀಕ್ಷೆ. ಐದೂ ಆದ್ರೆ ನಾಯಿ ಮೇಲಕ್ಕೆ. ಒಂದು ತಪ್ಪಿದ್ರೂ ಹೊರಕ್ಕೆ."

"ನಾಲ್ಕು ಬಂದ್ರೆ ಸಾರ್?"

"ಇದೇನು ಶಾಲೆ ಪರೀಕ್ಷೆ ಅಂದ್ಕೊಂಡ್ರಾ, ಮೂವತ್ತೈದಕ್ಕೆ ಪಾಸ್ ಮಾಡೋಕೆ?"

ಹೆಂಡತಿ ಆಸ್ಪತ್ರೆಯಲ್ಲಿ ಟೆಲಿಫೋನು ನೋಡಿಕೊಳ್ಳುವವಳು. ದಿನವಿಡೀ ಬೇರೆಯವರ ಮಾತನ್ನು ಬೇರೆಯವರಿಗೆ ದಾಟಿಸಿ ಮನೆಗೆ ಬರುವ ಹೊತ್ತಿಗೆ ಅವಳಲ್ಲಿ ತನ್ನ ಮಾತು ಸ್ವಲ್ಪವೇ ಉಳಿದಿರುತ್ತಿತ್ತು, ಆದರೆ ಖಾರವಾಗಿರುತ್ತಿತ್ತು. "ಹತ್ತು ವರ್ಷದಿಂದ ಒದ್ದೆ ಟವೆಲ್ ಮಂಚದ ಮೇಲೆ ಹಾಕ್ಬೇಡಿ ಅಂತ ಒಂದು ಮಾತು ನಿಮಗೆ ಕಲಿಸೋಕಾಗಿಲ್ಲ. ನೀವು ಒಂದು ತಿಂಗಳಲ್ಲಿ ನಾಯಿಗೆ ಐದು ಕಲಿಸ್ತೀರಾ?" ಎಂದಳು.

ಎಣಿಕಪ್ಪ ಪಶು ಆಸ್ಪತ್ರೆಯ ಕಂಪೌಂಡರನ್ನು ಹೋಗಿ ಕಂಡ. ಕಂಪೌಂಡರು ಕಂಕುಳಲ್ಲಿ ಒಂದು ಬೆಕ್ಕು ಒತ್ತಿ ಹಿಡಿದಿದ್ದರು. ಇನ್ನೊಂದು ಕೈಯಿಂದ ಮೇಜಿನ ಡ್ರಾಯರೆಳೆದು ಪ್ಲಾಸ್ಟಿಕ್ಕಿನ ಒಂದು ಚಿಕ್ಕ ವಸ್ತು ತೆಗೆದರು. ಒತ್ತಿದರೆ ಟಕ್ ಎಂದಿತು.

"ಇದು ಕ್ಲಿಕ್ಕರ್. ರಿಮೋಟ್ ಅಂದ್ಕೋಬೇಡಿ ಸಾರ್. ಎಲ್ರೂ ಅಲ್ಲೇ ಎಡವೋದು. ಒತ್ತಿದ್ರೆ ನಾಯಿ ಕೂರಲ್ಲ. ನಾಯಿ ಕೂತ ತಕ್ಷಣ ನೀವು ಒತ್ಬೇಕು. 'ಈಗ ಮಾಡಿದ್ಯಲ್ಲ, ಅದೇ ಸರಿ' ಅಂತ ಅದಕ್ಕೆ ತಿಳೀಲಿ ಅಂತ. ಒತ್ತಿದ್ಮೇಲೆ ಬಟಾಣಿಯಷ್ಟು ಒಂದು ಬ್ರೆಡ್ ಚೂರು. ಒಂದು ಟಕ್, ಒಂದು ಚೂರು. ಟಕ್ ಅಂದ್ರೆ ಮಾತು ಕೊಟ್ಟ ಹಾಗೆ."

"ಕೈ ತಪ್ಪಿ ಒತ್ತಿಬಿಟ್ರೆ?"

"ತಪ್ಪು ನಿಮ್ದು, ಚೂರು ನಾಯೀದು," ಎಂದರು ಕಂಪೌಂಡರು. "ಕೊಡ್ಲೇಬೇಕು. ಇಲ್ದಿದ್ರೆ ಅದು ನಿಮ್ಮನ್ನ ನಂಬಲ್ಲ. ಇನ್ನೊಂದು, ನಾಯಿ ಏನು ಮಾಡ್ತಿರೋವಾಗ ಟಕ್ ಅನ್ನುತ್ತೋ ಅದನ್ನೇ ಕಲಿಯುತ್ತೆ. ನೀವು ಏನು ಕಲಿಸ್ಬೇಕು ಅಂದ್ಕೊಂಡಿದ್ರಿ ಅನ್ನೋದು ಅದಕ್ಕೆ ಬೇಕಾಗಿಲ್ಲ."

ಈ ಕೊನೆಯ ಮಾತಿನ ಹೊತ್ತಿಗೆ ಬೆಕ್ಕು ಕಂಪೌಂಡರ ಮಣಿಕಟ್ಟು ಪರಚಿದ್ದರಿಂದ ಎಣಿಕಪ್ಪ ಆ ಕಡೆ ನೋಡುತ್ತಿದ್ದ. ಮಾತು ಕಿವಿಗೆ ಬಿತ್ತು; ಒಳಗೆ ಹೋಗಲಿಲ್ಲ.

ಮಹಡಿಯ ತಾರಸಿಯ ಮೇಲೆ ಮೊದಲ ಪಾಠ ಶುರುವಾಯಿತು. ಎಣಿಕಪ್ಪ ಗಂಟಲು ಸರಿಪಡಿಸಿಕೊಂಡು "ಕೂರು" ಎಂದ. ಕಂಬಳಿ ಅವನ ಕೈಯಲ್ಲಿದ್ದ ವಸ್ತುವನ್ನು ಮೂಸಿ ನೋಡಿತು. ಇನ್ನೊಮ್ಮೆ "ಕೂರು" ಎಂದ. ಕಂಬಳಿ ಅದನ್ನು ನುಂಗಿತು. ಹೀಗೆ ವಿದ್ಯಾರ್ಥಿಯು ಮೊದಲ ದಿನವೇ ಪಠ್ಯಪುಸ್ತಕವನ್ನು ಪೂರ್ತಿಯಾಗಿ ಮುಗಿಸಿತು.

ಎಣಿಕಪ್ಪ ಓಡಿಹೋಗಿ ಕಂಪೌಂಡರಿಗೆ ಫೋನು ಮಾಡಿದ.

"ಗಾಬರಿ ಆಗ್ಬೇಡಿ. ಎರಡು ಮೂರು ದಿನದಲ್ಲಿ ಹೊರಗೆ ಬರುತ್ತೆ."

"ಬಂದ್ಮೇಲೆ?"

"ತೊಳೆದ್ರೆ ಕೆಲಸ ಮಾಡುತ್ತೆ."

"ಆ ವಸ್ತು ವಾಪಸ್ ಮನೆಯೊಳಗೆ ಬಂದ್ರೆ ನಾನು ಮನೆಯಲ್ಲಿರಲ್ಲ," ಎಂದು ಪಕ್ಕದಲ್ಲಿ ನಿಂತಿದ್ದ ಹೆಂಡತಿ ತೀರ್ಮಾನ ಹೇಳಿದಳು.

ಎಣಿಕಪ್ಪ ಚಿಂತೆಯಿಂದ ಎದೆಯ ಮೇಲೆ ಕೈಯಿಟ್ಟುಕೊಂಡ. ಜೇಬಿನಲ್ಲಿ ಉಕ್ಕಿನ ಟಕಟಕಿ ಕೈಗೆ ತಗುಲಿತು. ಒತ್ತಿದ. ಟಕ್. ಕಂಬಳಿ ಕಿವಿ ನಿಮಿರಿಸಿತು. ನುಂಗಲು ಸಾಧ್ಯವಿಲ್ಲದಷ್ಟು ದೊಡ್ಡದು. ಕಚ್ಚಿದರೆ ಹಲ್ಲಿಗೇ ನಷ್ಟ. ಇದಕ್ಕಿಂತ ಒಳ್ಳೆಯ ಸಾಧನ ಬೇಕೆ? ಅಂಕಿ ಒಂದು ಮುಂದಕ್ಕೆ ಹೋಯಿತು ಎಂಬ ಸಂಗತಿ ಅವನ ಗಮನಕ್ಕೆ ಬರಲಿಲ್ಲ. ಹನ್ನೆರಡು ವರ್ಷದ ಸೇವೆಯಲ್ಲಿ ಅವನ ಹೆಬ್ಬೆರಳು ಅವನ ತಲೆಯಿಂದ ಯಾವತ್ತೋ ಬೇರೆಯಾಗಿ ಸ್ವತಂತ್ರವಾಗಿ ಬದುಕುತ್ತಿತ್ತು.

ಮಗಳು ಒಂದು ನೋಟು ಪುಸ್ತಕವಿಟ್ಟಳು. ಒಂದು ಟಕ್‌ಗೆ ಒಂದು ಗೆರೆ, ನಾಲ್ಕು ಗೆರೆಯಾದರೆ ಅಡ್ಡಗೆರೆ. "ಅಪ್ಪ ಎಷ್ಟು ಸಲ ಒತ್ತಿದ್ರೋ ಅಷ್ಟು ಚೂರು ಕಂಬಳಿಗೆ ಸಿಕ್ಕಿದ್ಯೋ ಇಲ್ವೋ ನೋಡ್ಬೇಕಲ್ಲ," ಎಂದು ಅಮ್ಮನಿಗೆ ಹೇಳಿದಳು. ಆರು ವರ್ಷ ಕಾದವಳಿಗೆ ಅಪ್ಪನ ಮಾತನ್ನು ಬರೆದಿಟ್ಟುಕೊಳ್ಳುವುದು ಕ್ಷೇಮ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂಜೆ ನೂರು, ಬೆಳಿಗ್ಗೆ ಮೂವತ್ತು. ಹೀಗೆ ಪಾಠ ಸಾಗಿತು. ಒಂದು ವಾರದಲ್ಲಿ ಕಂಬಳಿ ಕೂರುವುದನ್ನು ಕಲಿತು, ಎರಡನೆಯ ವಾರಕ್ಕೆ ನಿಲ್ಲುವುದನ್ನೂ ಬರುವುದನ್ನೂ ಕಲಿಯಿತು. ಎದುರು ಮನೆಯಾಕೆ ತನ್ನ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೂಗಿ ಕೇಳಿದಳು.

"ಅಣ್ಣಾ, ಆ ಯಂತ್ರ ಎರಡು ದಿನ ಕೊಡ್ತೀರಾ? ನಮ್ಮನೆಯವರಿಗೆ 'ಏಳು' ಅನ್ನೋದೊಂದು ಕಲಿಸ್ಬೇಕು."

"ಬ್ರೆಡ್ ಕೊಡ್ಬೇಕಾಗುತ್ತೆ ಅಕ್ಕ, ಪ್ರತಿ ಸಲ."

"ತಿನ್ನೋದು ಅವರಿಗೆ ಆಗ್ಲೇ ಬರುತ್ತೆ, ಬಿಡಿ," ಎಂದು ಆಕೆ ಕಿಟಕಿ ಮುಚ್ಚಿದಳು.

ಪಾಠದ ಪರಿಣಾಮ ಬರೀ ನಾಯಿಯ ಮೇಲೆ ಆಗಲಿಲ್ಲ. ಸಂಗ್ರಹಾಲಯದ ಬಾಗಿಲಲ್ಲಿ ಒಬ್ಬ ಮುದುಕರು ಒಳಗೆ ಬಂದಾಗ ಎಣಿಕಪ್ಪ ಟಕ್ ಎನ್ನಿಸಿದ. ಅವನ ಎಡಗೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಗಿ ಬಟಾಣಿಯಷ್ಟು ಬ್ರೆಡ್ ಚೂರು ತೆಗೆದು ಮುದುಕರ ಮೂಗಿನ ಮುಂದೆ ಹಿಡಿಯಿತು. ಮುದುಕರು ಚೂರನ್ನೂ ಅವನ ಸಮವಸ್ತ್ರವನ್ನೂ ನೋಡಿದರು. ಸರ್ಕಾರದ ಏರ್ಪಾಡಿರಬೇಕು ಎಂದು ಬಾಯಿಗೆ ಹಾಕಿಕೊಂಡು, "ಸ್ವಲ್ಪ ಮೆತ್ತಗಾಗಿದೆ," ಎಂದು ಅಭಿಪ್ರಾಯ ಹೇಳಿ ತಕ್ಕಡಿ ನೋಡಲು ಹೋದರು.

ಪಾಠ ಶುರುವಾಗಿ ಐದನೆಯ ದಿನವೇ ಮೇಲ್ವಿಚಾರಕರು ರಿಜಿಸ್ಟರು ಎತ್ತಿಕೊಂಡು ಓಡಿಬಂದಿದ್ದರು.

"ಏನಯ್ಯ ಎಣಿಕಪ್ಪ! ನಿನ್ನೆ ಎಷ್ಟು ಜನ ಗೊತ್ತಾ? ತೊಂಬತ್ತೇಳು!"

ಎಣಿಕಪ್ಪ ತಬ್ಬಿಬ್ಬಾದ. ಅವನ ನೆನಪಿನಲ್ಲಿ ನಿನ್ನೆ ಬಂದವರು ಹತ್ತೇ ಜನ. ಅದರಲ್ಲೂ ಒಬ್ಬರು ಅಂಚೆಯವರು. "ಸಾರ್, ನನ್ನ ಕಣ್ಣಿಗೆ ಅಷ್ಟು ಬೀಳ್ಲಿಲ್ಲ."

"ಕಣ್ಣು ನಂಬೋಕೆ ಹೇಳಿದೋರು ಯಾರು ನಿನಗೆ? ಯಂತ್ರ ಸುಳ್ಳು ಹೇಳುತ್ತಾ?"

ಯಂತ್ರ ಉಕ್ಕಿನದು, ಕಣ್ಣು ಮಾಂಸದ್ದು. ಎಣಿಕಪ್ಪ ಅರ್ಧ ದಿನ ರಜೆ ಹಾಕಿ ಕನ್ನಡಕದ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡ. ಅಂಗಡಿಯವನು ಗೋಡೆಯ ಕೊನೆಯ ಸಾಲಿನವರೆಗೂ ಓದಿಸಿ, "ನಿಮ್ಮ ಕಣ್ಣಿಗೇನೂ ಆಗಿಲ್ಲ. ಇರುವೆ ಕಾಲು ಎಣಿಸ್ಬಹುದು," ಎಂದ. ಹಾಗಾದರೆ ತಾನು ಕೂತಲ್ಲೇ ನಿದ್ದೆ ಹೋಗುತ್ತಿದ್ದೇನೆ, ಹೆಬ್ಬೆರಳು ಮಾತ್ರ ಎಚ್ಚರವಿದ್ದು ಕರ್ತವ್ಯ ಮಾಡುತ್ತಿದೆ ಎಂದು ಎಣಿಕಪ್ಪ ನಿರ್ಧರಿಸಿದ. ಅಂದಿನಿಂದ ಬಾಗಿಲಲ್ಲಿ ಕಣ್ಣು ಮಿಟುಕಿಸದೆ ಕೂರತೊಡಗಿದ. ಒಳಗೆ ಬರಬೇಕೆಂದಿದ್ದ ಇಬ್ಬರು ಅವನ ದೃಷ್ಟಿಗೆ ಹೆದರಿ ವಾಪಸ್ಸು ಹೋದರು. ಆದರೂ ಮರುದಿನದ ಸಂಖ್ಯೆ ನೂರ ಇಪ್ಪತ್ತು.

ಮೇಲ್ವಿಚಾರಕರಿಗೆ ಕಾರಣ ಸ್ಪಷ್ಟವಾಗಿತ್ತು. ಹಿಂದಿನ ತಿಂಗಳು ಅವರು ದೊಡ್ಡ ತಕ್ಕಡಿಯ ಪಕ್ಕದಲ್ಲಿ ಹದಿನಾಲ್ಕು ವಾಕ್ಯಗಳ ಒಂದು ಹೊಸ ಫಲಕವನ್ನು ತಾವೇ ರಚಿಸಿ ತೂಗುಹಾಕಿಸಿದ್ದರು. "ಜನ ಅದನ್ನ ಓದೋಕೇ ಬರ್ತಿರೋದು," ಎಂದು ಕೇಂದ್ರ ಕಚೇರಿಗೆ ಪತ್ರ ಬರೆದರು. ಫಲಕದ ಪೂರ್ಣಪಾಠವನ್ನೂ ಲಗತ್ತಿಸಿದರು.

ಎಣಿಕಪ್ಪನಿಗೆ ನಿಜ ತಿಳಿದದ್ದು ಇಪ್ಪತ್ತನೆಯ ದಿನ. ಪಾಠ ಮುಗಿದ ಮೇಲೆ ಮಗಳು ಗೆರೆಗಳನ್ನು ಕೂಡಿ, "ಇವತ್ತು ಒಟ್ಟು ನೂರ ಮೂವತ್ತು, ಅಪ್ಪ," ಎಂದಳು. ಸಾಯಂಕಾಲವಷ್ಟೇ ಮೇಲ್ವಿಚಾರಕರು "ನೂರ ನಲವತ್ತು!" ಎಂದು ಬೆನ್ನು ತಟ್ಟಿದ್ದರು. ಎಣಿಕಪ್ಪ ಟಕಟಕಿಯನ್ನು ಅಂಗೈಯಲ್ಲಿಟ್ಟು ನೋಡಿದ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ, ನಿಯಮ ಮೀರಿ, ಮನಸ್ಸಿನಲ್ಲೇ ಒಂದು ಸಲ ಕಳೆದ. ಹತ್ತು ಉಳಿಯಿತು. ಅವನು ತಾರಸಿಯ ಗೋಡೆಗೆ ಆನಿಕೊಂಡು ಮೆಲ್ಲಗೆ ಕೆಳಗೆ ಜಾರಿ ಕೂತ. ಅದು ಪಾಠವೆಂದು ತಿಳಿದು ಕಂಬಳಿಯೂ ಕೂತಿತು.

"ಹೋಗಿ ಹೇಳಿಬಿಡ್ರಿ," ಎಂದಳು ಹೆಂಡತಿ.

ಮರುದಿನ ಹೋಗಿ ಹೇಳಿದ. ಹೇಳಲು ಪ್ರಯತ್ನಿಸಿದ ಎನ್ನುವುದು ಸರಿ.

"ಸಾರ್, ಈ ಸಂಖ್ಯೆ ಏರಿದ್ದಕ್ಕೆ ನಿಮ್ಮ ಫಲಕ ಕಾರಣ ಅಲ್ಲ, ನಮ್ಮ ಮನೇಲಿ..."

"ಗೊತ್ತಾಯ್ತು ಬಿಡು," ಎಂದು ಮೇಲ್ವಿಚಾರಕರು ತುಟಿ ಕೊಂಕಿಸಿದರು. "ನಿನಗೂ ಪಾಲು ಬೇಕು ಅಷ್ಟೇ ತಾನೇ? ನಿನ್ನ ಮನೆಯವರೂ ನಾಲ್ಕು ಜನಕ್ಕೆ ಹೇಳಿ ಕಳಿಸಿರ್ತಾರೆ, ಇಲ್ಲ ಅನ್ನಲ್ಲ. ಕೇಂದ್ರ ಕಚೇರಿಯಿಂದ ಉಪನಿರ್ದೇಶಕಿ ಮೇಡಂ ಬರ್ತಾರೆ, ಜನಸಂದಣಿ ಕಣ್ಣಾರೆ ನೋಡೋಕೆ. ಅವರ ಮುಂದೆ ನಿನ್ನ ಹೆಸರೂ ಹೇಳ್ತೀನಿ."

"ಯಾವತ್ತು ಸಾರ್?"

"ಈ ಭಾನುವಾರ ಬಿಟ್ಟು ಮುಂದಿನದು. ಹನ್ನೊಂದು ಗಂಟೆಗೆ."

ಅದು ಮೂವತ್ತನೆಯ ದಿನ. ಎಣಿಕಪ್ಪ ರಜೆ ಕೇಳಿದ. ಮೇಲ್ವಿಚಾರಕರು ನಕ್ಕರು. ಮದುವೆ ಮನೆಯಲ್ಲಿ ಮದುಮಗ ರಜೆ ಕೇಳಿದರೆ ನಗುವ ಹಾಗೆ ನಕ್ಕರು.

ಉಳಿದ ದಿನಗಳಲ್ಲಿ ಟಕಟಕಿಯನ್ನು ಮನೆಗೆ ತರದೆ ಇರಬಹುದಿತ್ತು. ಎಣಿಕಪ್ಪ ಪ್ರಾಮಾಣಿಕ ಮನುಷ್ಯ, ಅದನ್ನೇ ಮಾಡುತ್ತಿದ್ದ. ಆದರೆ ಕಂಬಳಿ "ಸುಮ್ಮನಿರು" ಎಂಬುದನ್ನು ಇನ್ನೂ ಕಲಿತಿರಲಿಲ್ಲ. ಬಾಯಲ್ಲಿ ಟಕ್ ಎಂದು ಸದ್ದು ಮಾಡಿ ನೋಡಿದ. ಕಂಬಳಿ ಅವನ ಆರೋಗ್ಯದ ಬಗ್ಗೆ ಚಿಂತೆಗೊಂಡಂತೆ ನೋಡಿತು. ಮೆಟ್ಟಿಲ ಕೆಳಗೆ ಚೀಲ ಹಾಸಿಕೊಂಡು ಮಲಗುವ ನಾಯಿಯ ಪಕ್ಕದಲ್ಲಿ ಮಗಳು ದಿನಾ ಸಂಜೆ ಹೋಗಿ ಕೂತು, "ಇನ್ನು ಒಂಬತ್ತು ದಿನ, ಆಮೇಲೆ ಮೇಲೆ," ಎನ್ನುತ್ತಿದ್ದಳು. ಮರುದಿನ ಎಂಟು ಎನ್ನುತ್ತಿದ್ದಳು. ಟಕಟಕಿ ಮತ್ತೆ ಮನೆಗೆ ಬಂತು. ಇಪ್ಪತ್ತೊಂಬತ್ತನೆಯ ದಿನ ಕಂಬಳಿ ಬೆಕ್ಕು ನೋಡಿಯೂ ಹನ್ನೆರಡು ಸೆಕೆಂಡು ಸುಮ್ಮನಿತ್ತು.

ಭಾನುವಾರ ಬೆಳಿಗ್ಗೆ ಎಣಿಕಪ್ಪ ಮಾಲೀಕರ ಬಾಗಿಲು ತಟ್ಟಿದ. "ಸಾರ್, ನನಗೆ ಡ್ಯೂಟಿ. ಪರೀಕ್ಷೆ ನಾಳೆಗೆ ಹಾಕೋಕಾಗುತ್ತಾ?"

"ವಾಯಿದೆ ಮುಂದೂಡೋ ಪ್ರಶ್ನೆಯೇ ಇಲ್ಲ," ಎಂದರು ಮಾಲೀಕರು. ಆಮೇಲೆ ಅವರ ಮುಖದಲ್ಲಿ ಒಂದು ಹುರುಪು ಮೂಡಿತು. "ಆದ್ರೆ ಸ್ಥಳ ತನಿಖೆ ಮಾಡ್ಬಹುದು. ನಾಯಿ ಅಲ್ಲಿಗೇ ಬರಲಿ. ನಾನೂ ಬರ್ತೀನಿ." ಮೂವತ್ತನಾಲ್ಕು ವರ್ಷ ಅವರು ಸ್ಥಳ ತನಿಖೆಯ ಕಾಗದಗಳನ್ನು ಹೊಲಿದಿದ್ದರು; ಒಂದಕ್ಕೂ ಹೋಗಿರಲಿಲ್ಲ.

ಹತ್ತೂವರೆಗೆ ಸಂಗ್ರಹಾಲಯದ ಬಾಗಿಲಲ್ಲಿ ಎಣಿಕಪ್ಪ ಸ್ಟೂಲಿನ ಮೇಲೆ, ಸ್ಟೂಲಿನ ಕಾಲಿಗೆ ಕಂಬಳಿ, ಕಂಬಳಿಯ ಪಕ್ಕ ಪುಸ್ತಕ ಹಿಡಿದ ಮಗಳು, ಅವಳ ಹಿಂದೆ ಹೆಂಡತಿ, ನೆರಳಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಮಾಲೀಕರು. ಬ್ರೆಡ್ಡಿನ ಪೊಟ್ಟಣ ಹೆಂಡತಿಯ ಕೈಚೀಲದಲ್ಲಿ, ಪರೀಕ್ಷೆಗೆಂದು ಭದ್ರವಾಗಿತ್ತು.

ಮೇಲ್ವಿಚಾರಕರು ಸುಮ್ಮನೆ ಕೂತವರಲ್ಲ. ಜನ ದಿನಾ ನೂರೈವತ್ತು ಬರುತ್ತಾರೆಂದು ಅವರು ನಂಬಿದ್ದರೂ, ಅದೇಕೋ ಒಬ್ಬರೂ ತಮ್ಮ ಕಣ್ಣಿಗೆ ಬೀಳದಿರುವುದರಿಂದ, ಮುನ್ನೆಚ್ಚರಿಕೆಗಾಗಿ ತಮ್ಮ ಮಾವ, ಅತ್ತೆ, ಇಬ್ಬರು ನಾದಿನಿಯರು ಮತ್ತು ಪಕ್ಕದ ಟೈಪಿಂಗ್ ಶಾಲೆಯ ಹನ್ನೊಂದು ವಿದ್ಯಾರ್ಥಿಗಳನ್ನು ಕರೆಸಿದ್ದರು. ಮುಂಬಾಗಿಲಿಂದ ಒಳಗೆ ಹೋಗುವುದು, ಹಿಂಬಾಗಿಲಿಂದ ಹೊರಗೆ ಬರುವುದು, ಕಟ್ಟಡ ಸುತ್ತಿ ಮತ್ತೆ ಮುಂಬಾಗಿಲಿಗೆ ಬರುವುದು ಎಂದು ಅವರಿಗೆ ಹೇಳಿಕೊಟ್ಟಿದ್ದರು.

ಹನ್ನೊಂದಕ್ಕೆ ಸರಿಯಾಗಿ ಉಪನಿರ್ದೇಶಕಿ ಬಂದರು. ಕಡಿಮೆ ಮಾತಿನವರು. ಬಾಗಿಲ ಪಕ್ಕದಲ್ಲೇ ಒಂದು ಕುರ್ಚಿ ತರಿಸಿ ಕೂತರು.

ಮೊದಲು ಬಂದದ್ದು ಮಾವನವರು, ಊರುಗೋಲು ಕುಟ್ಟುತ್ತ. ಊರುಗೋಲು ಕಂಡು ಕಂಬಳಿ ಬೊಗಳಿತು. ಮಾವ ಒಳಗೆ ಕಾಲಿಟ್ಟರು. ಎಣಿಕಪ್ಪನ ಹೆಬ್ಬೆರಳು ಟಕ್ ಎಂದಿತು.

ಕಂಬಳಿ ಬೆರಗಾಯಿತು. ಒಂದು ತಿಂಗಳಿಂದ ಬೊಗಳಬಾರದೆಂದು ಕಷ್ಟಪಟ್ಟು ಕಲಿತಿದ್ದೇನೆ, ಈಗ ನೋಡಿದರೆ ಬೊಗಳುವುದೇ ಸರಿ! ಖಚಿತಪಡಿಸಿಕೊಳ್ಳಲು ಅತ್ತೆಯವರನ್ನು ನೋಡಿ ಇನ್ನೊಮ್ಮೆ ಬೊಗಳಿತು. ಟಕ್. ನಾದಿನಿಗೆ ಬೊಗಳಿತು. ಟಕ್. ಟೈಪಿಂಗ್ ಶಾಲೆಯವರು ಬರುವ ಹೊತ್ತಿಗೆ ಅದಕ್ಕೆ ಯಾವ ಸಂಶಯವೂ ಉಳಿದಿರಲಿಲ್ಲ. ಆಳಿಗೊಂದು ಬೊಗಳು, ಬೊಗಳಿಗೊಂದು ಟಕ್, ಗಡಿಯಾರದ ಹಾಗೆ ನಡೆಯಿತು. ಕಂಪೌಂಡರು ಬೆಕ್ಕು ಪರಚಿಸಿಕೊಳ್ಳುತ್ತ ಹೇಳಿದ ಮಾತು ಒಂದು ತಿಂಗಳು ತಡವಾಗಿ ಎಣಿಕಪ್ಪನ ಕಿವಿಯಿಂದ ಒಳಗೆ ಇಳಿಯಿತು.

"ಅಪ್ಪ, ಒತ್ತಬೇಡ!" ಎಂದು ಮಗಳು ಪಿಸುಗುಟ್ಟಿದಳು. "ಕಂಬಳಿ ತಪ್ಪು ಕಲೀತಿದೆ."

"ಒತ್ತದೆ ಇದ್ರೆ ಕೆಲಸ ಹೋಗುತ್ತೆ, ಪುಟ್ಟಿ."

ಮಗಳು ಪುಸ್ತಕದಲ್ಲಿ ಗೆರೆ ಎಳೆಯುತ್ತಲೇ ಇದ್ದಳು. ಚೂರು ಸಿಗದ ಗೆರೆಗಳು.

ಹನ್ನೆರಡಕ್ಕೆ ಮಾಲೀಕರು ಕುರ್ಚಿಯಿಂದೆದ್ದು ಗಂಟಲು ಕೆರೆದುಕೊಂಡರು. "ವಾಯಿದೆ ತೀರಿದೆ. ಪರೀಕ್ಷೆ ಆರಂಭ." ಉಪನಿರ್ದೇಶಕಿ ಕನ್ನಡಕದ ಮೇಲಿಂದ ನೋಡಿದರು. ಇದೂ ಸಂಗ್ರಹಾಲಯದ ಕಾರ್ಯಕ್ರಮವಿರಬೇಕೆಂದು ಸುಮ್ಮನಾದರು.

"ಕೂರು." ಕೂತಿತು. "ನಿಲ್ಲು." ನಿಂತಿತು. "ಬಾ." ಬಂತು. ಮಾಲೀಕರು ತಮ್ಮ ಚಪ್ಪಲಿಯನ್ನು ಅದರ ಬಾಯಿಗೆ ಕೊಟ್ಟು "ಬಿಡು" ಎಂದರು. ಒಂದು ಕ್ಷಣ ಯೋಚಿಸಿ ಬಿಟ್ಟಿತು. ಹೆಂಡತಿ ಕೂಡ ಮುಂದೆ ಬಂದು ನಿಂತಳು.

"ಸುಮ್ಮನಿರು. ಹತ್ತು ಸೆಕೆಂಡು," ಎಂದು ಮಾಲೀಕರು ಕೈಗಡಿಯಾರ ಹಿಡಿದರು.

ಒಂದು. ಎರಡು. ಕಂಬಳಿ ಕಲ್ಲಿನ ಹಾಗೆ ನಿಂತಿತ್ತು. ಐದು. ಆರು. ಏಳು. ಆಗ ಊರುಗೋಲಿನ ಸದ್ದು ಕೇಳಿಸಿತು. ಮಾವನವರು ಬೆವರೊರೆಸಿಕೊಳ್ಳುತ್ತ ನಾಲ್ಕನೆಯ ಸಲ ಬಾಗಿಲು ದಾಟಿದರು. "ಇನ್ನೆಷ್ಟು ಸಲ ಅಳಿಯಂದ್ರೇ? ಆ ಫಲಕ ನನಗೆ ಬಾಯಿಪಾಠ ಆಯ್ತು."

ಎಣಿಕಪ್ಪನ ಹೆಬ್ಬೆರಳು ಮೇಲೆದ್ದಿತು. ಅವನು ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಎಣಿಸಲ್ಪಡದೆ ಒಳಗೆ ಹೋದ. ಎಂಟು.

"ಯಾಕ್ರೀ ಎಣಿಸ್ಲಿಲ್ಲ?" ಎಂದರು ಉಪನಿರ್ದೇಶಕಿ. ಎದ್ದು ಬಂದು ಅವನ ಮುಷ್ಟಿಯಿಂದ ಟಕಟಕಿ ಬಿಡಿಸಿಕೊಂಡು ತಾವೇ ಒತ್ತಿದರು.

ಟಕ್.

ಕಂಬಳಿ ತನ್ನ ಜೀವಮಾನದ ಅತಿ ದೊಡ್ಡ ಬೊಗಳು ಬೊಗಳಿತು. ಆಮೇಲೆ ಸೀದಾ ಉಪನಿರ್ದೇಶಕಿಯ ಮುಂದೆ ಹೋಗಿ ಕೂತು, ಬರಬೇಕಾದ ಚೂರಿಗಾಗಿ ಅವರ ಮುಖ ನೋಡಿತು.

"ಒಂಬತ್ತನೇ ಸೆಕೆಂಡಿಗೆ ತಪ್ಪಿದೆ," ಎಂದರು ಮಾಲೀಕರು. "ಸಂಜೆಯೊಳಗೆ ನಾಯಿ ಹೊರಗೆ."

ಮಗಳು ಅಳಲಿಲ್ಲ. "ಅಪ್ಪ, ನೀನು ಹೇಳಿದ್ದೆ," ಎಂದಳು.

ಉಪನಿರ್ದೇಶಕಿಗೆ ಬೇರೊಂದು ಕುತೂಹಲ ಹುಟ್ಟಿತ್ತು. ಇನ್ನೊಮ್ಮೆ ಒತ್ತಿದರು. ನಾಯಿ ಬೊಗಳಿ ಕೂತಿತು. "ಈ ನಾಯಿಗೆ ಈ ಯಂತ್ರದ ಪರಿಚಯ ಹೇಗೆ?"

ಮೇಲ್ವಿಚಾರಕರು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಪುಸ್ತಕ ಮುಂದಕ್ಕೆ ಚಾಚಿದಳು. "ಮನೇಲಿ ಇದರಲ್ಲೇ ಪಾಠ ಮಾಡೋದು ಮೇಡಂ. ಎಲ್ಲಾ ಬರೆದಿಟ್ಟಿದ್ದೀನಿ."

ಉಪನಿರ್ದೇಶಕಿ ರಿಜಿಸ್ಟರು ತರಿಸಿದರು. "ಮೊನ್ನೆ ಶುಕ್ರವಾರ ಬಂದವರು ನೂರ ನಲವತ್ತೊಂದು. ನಿನ್ನ ಪುಸ್ತಕ ಏನನ್ನುತ್ತೆ?"

"ಗುರುವಾರ ಸಂಜೆ ನೂರು, ಶುಕ್ರವಾರ ಬೆಳಿಗ್ಗೆ ಮೂವತ್ತೆರಡು."

"ಉಳಿದಿದ್ದು ಒಂಬತ್ತು." ಪುಟ ತಿರುಗಿಸಿದರು. ಹನ್ನೊಂದು. ಏಳು. ಹತ್ತು. "ಇವತ್ತಿನದು ಬಿಡಿ, ಆ ಊರುಗೋಲಿನವರನ್ನೇ ನಾನು ನಾಲ್ಕು ಸಲ ನೋಡಿದೆ," ಎಂದು ಮೇಲ್ವಿಚಾರಕರ ಕಡೆ ತಿರುಗಿದರು. "ಈ ಸಂಗ್ರಹಾಲಯದಲ್ಲಿ ಸರಿಯಾದ ಲೆಕ್ಕ ಇರೋದು ಈ ಮಗು ಹತ್ರ ಮಾತ್ರ."

ಮೇಲ್ವಿಚಾರಕರು ಫಲಕದ ಹಿಂದೆ ಹೋಗಿ ನಿಂತರು. ಹದಿನಾಲ್ಕು ವಾಕ್ಯಗಳಷ್ಟು ಅಗಲವಿದ್ದುದರಿಂದ ಪೂರ್ತಿ ಮರೆಯಾದರು.

ಉಪನಿರ್ದೇಶಕಿ ಎಣಿಕಪ್ಪನನ್ನು ಕರೆದರು. "ನಿಯಮ ಏಳು ಏನು?"

"ಯಂತ್ರ ಆವರಣ ಬಿಟ್ಟು ಹೋಗಬಾರದು, ಮೇಡಂ."

"ಎಂಟು?"

"ಯಂತ್ರ ಯಾವಾಗ್ಲೂ ಎಣಿಸುವವನ ವಶದಲ್ಲೇ ಇರಬೇಕು."

"ಎರಡನ್ನೂ ಒಟ್ಟಿಗೆ ಪಾಲಿಸೋದು ಹೇಗೆ?"

ಹನ್ನೆರಡು ವರ್ಷದಿಂದ ಅದು ಯಾರಿಗೂ ತೋಚಿರಲಿಲ್ಲ. ಉಪನಿರ್ದೇಶಕಿ ಹಿಂಬಾಗಿಲ ಕಡೆ ನಡೆದರು. ಅಂಗಳದಾಚೆ ಹಳೆಯ ಕಾವಲುಗಾರರ ಎರಡು ಕೋಣೆಯ ಮನೆಯಿತ್ತು. ವರ್ಷಗಳಿಂದ ಖಾಲಿ, ಒಳಗೆ ಮೂರು ಮುರಿದ ತಕ್ಕಡಿ, ಒಂದು ರಾಶಿ ಕಬ್ಬಿಣದ ತೂಕದ ಬಟ್ಟು. ಬಾಗಿಲಲ್ಲೇ ನಿಂತು ಅವರು ಒಂದು ಹಾಳೆಯಲ್ಲಿ ಆದೇಶ ಬರೆದರು. ಯಂತ್ರವನ್ನು ಮನೆಗೆ ಒಯ್ದ ತಪ್ಪಿಗೆ ನೌಕರನು ದಂಡನಾರ್ಹನೆಂದೂ, ಯಂತ್ರವು ನೌಕರನ ಮನೆಗೆ ಹೋಗುವಂತಿಲ್ಲವಾದ್ದರಿಂದ ನೌಕರನ ಮನೆಯೇ ಯಂತ್ರವಿದ್ದಲ್ಲಿಗೆ ಬರತಕ್ಕದ್ದೆಂದೂ, ಅವನು ಇಂದು ಸಂಜೆಯಿಂದಲೇ ಕುಟುಂಬದೊಂದಿಗೆ ಇಲ್ಲೇ ವಾಸಿಸುವ ಶಿಕ್ಷೆಯನ್ನು ಅನುಭವಿಸತಕ್ಕದ್ದೆಂದೂ ಅದರಲ್ಲಿತ್ತು.

ಹೆಂಡತಿ ಓದಿದಳು. ಕಿಟಕಿ ತೆರೆದು ನೋಡಿದಳು. ಅವಳ ಆಸ್ಪತ್ರೆ ಇಲ್ಲಿಂದ ಎರಡು ಬೀದಿ. "ಇನ್ನೊಂದು ತಪ್ಪು ಮಾಡಿದ್ರೆ ಏನು ಕೊಡ್ತಾರೆ ಕೇಳ್ರಿ," ಎಂದಳು.

"ಕುಟುಂಬ ಅಂದ್ರೆ ನಾಯಿನೂ ಸೇರುತ್ತಾ ಮೇಡಂ?" ಎಂದಳು ಮಗಳು.

ಉಪನಿರ್ದೇಶಕಿ ಕಂಬಳಿಯನ್ನು ನೋಡಿದರು. ಅದು ಇನ್ನೂ ಚೂರಿಗಾಗಿ ಕಾಯುತ್ತ ಅವರ ಹಿಂದೆಯೇ ಬಂದಿತ್ತು. "ನಾಯಿ ಬಗ್ಗೆ ನಿಯಮ ಇಲ್ಲ," ಎಂದು ಸಹಿ ಹಾಕಿದರು.

ಮಾಲೀಕರು ಮಾತ್ರ ಕಂಗಾಲಾದರು. "ನಾನು ಹೊರಗೆ ಹಾಕಿದ್ದು ನಾಯೀನ. ನಿಮ್ಮನ್ನ ಯಾರು ಹೋಗಿ ಅಂದ್ರು? ಬೇಕಾದ್ರೆ ಮೇಲ್ಮನವಿ ಹಾಕಿ, ವಿಚಾರಣೆ ಮಾಡ್ತೀನಿ," ಎಂದು ಸಾಮಾನು ತುಂಬಿದ ಟೆಂಪೋದ ಪಕ್ಕದಲ್ಲಿ ಬೀದಿಯ ತಿರುವಿನವರೆಗೂ ನಡೆದು ಬಂದರು. ವಿಚಾರಣೆಗೆ ಅವರಿಗೆ ಬೇರೆ ಯಾರೂ ಉಳಿದಿರಲಿಲ್ಲ.

ಮಗಳ ಮಂಚ ಹೊಸ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಎಣಿಕಪ್ಪ ಓರೆಯಾಗಿ ತಿರುಗಿಸಿ ನೂಕಿದ. ಮಂಚ ಒಳಗೆ ಬಂತು, ನಾಲ್ಕು ಕಾಲೂ ಮುರಿದು ಹೊರಗೆ ಉಳಿದವು. ನೆಲದ ಮೇಲಿಟ್ಟರೆ ಮಂಚಕ್ಕೂ ನೆಲಕ್ಕೂ ನಡುವೆ ಇರುವೆ ಮಲಗುವಷ್ಟು ಜಾಗ. ಮಗಳು ಮಂಚ ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ಎಣಿಕಪ್ಪ ಮೂಲೆಯ ರಾಶಿಯಿಂದ ಇಪ್ಪತ್ತು ಕಿಲೋದ ಬಟ್ಟುಗಳನ್ನು ಒಂದೊಂದಾಗಿ ಹೊತ್ತು ತಂದು, ಮೂಲೆಗೆ ಮೂರರಂತೆ ಒಂದರ ಮೇಲೊಂದು ಪೇರಿಸಿ, ಮಂಚವನ್ನು ಮೇಲೆ ಕೂರಿಸಿದ. ಸೊಂಟ ಹಿಡಿದುಕೊಂಡು ನಿಂತ.

ಮಗಳು ಪುಸ್ತಕ ತೆಗೆದು ಬಾಗಿಲಲ್ಲಿ ಬಾಕಿಯಾದ ಗೆರೆಗಳನ್ನು ಎಣಿಸಿದಳು. ಅರವತ್ತೊಂದು. ಅಮ್ಮನ ಚೀಲದಿಂದ ಬ್ರೆಡ್ಡಿನ ಪೊಟ್ಟಣ ತೆಗೆದು ಅರವತ್ತೊಂದು ಚೂರುಗಳನ್ನೂ ಕಂಬಳಿಗೆ ಕೊಟ್ಟು, ಪ್ರತಿ ಗೆರೆಯನ್ನೂ ಹೊಡೆದುಹಾಕಿದಳು. ಕಂಬಳಿ ತಿಂದು, ನೀರು ಕುಡಿದು, ಮಂಚದ ಕೆಳಗೆ ಹೋಗಿ ಮಲಗಿತು.

ಕೊಟ್ಟ ಮಾತನ್ನು ಎಣಿಕಪ್ಪ ಉಳಿಸಿಕೊಂಡ. ಒಂದು ತಿಂಗಳು ತಡವಾಗಿತ್ತು.